ಟೊಮೆಟೊ ಆಹಾರವೇ ಹೊರತು ಗುಳಿಗೆಯಲ್ಲ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಕಬ್ಬಿಗೂ ಬೆಲ್ಲಕ್ಕೂ ಬರವಿಲ್ಲ. ಸಕ್ಕರೆ ಕಾಯಿಲೆಯೂ ಈಗ ನಮಗೆ ಅಪರಿಚಿತವಲ್ಲ. ಟೊಮೆಟೊ ತಿಂದರೆ ಸಕ್ಕರೆ ಇಳಿಯುತ್ತದೆ, ಗುಳಿಗೆಯನ್ನೂ ಬಿಡಬಹುದು ಎಂಬ ಮಾತು ಬಾಯಿಂದ ಬಾಯಿಗೆ ಹರಡುತ್ತಿರುವುದು ನಮಗೆ ಆತಂಕ ತಂದಿದೆ.

100 ಗ್ರಾಂ ಹಸಿ ಟೊಮೆಟೊದಲ್ಲಿ ಸುಮಾರು 95 ಗ್ರಾಂ ನೀರೇ ಇರುತ್ತದೆ. ಶರ್ಕರಪಿಷ್ಟ 4 ಗ್ರಾಂನಷ್ಟು, ಕ್ಯಾಲೊರಿ ಸುಮಾರು 18. ಆದುದರಿಂದ ಅದು ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸದು. ಆದರೆ ಏರಿಸದಿರುವುದು ಬೇರೆ, ಇಳಿಸುವುದು ಬೇರೆ.

ತಟ್ಟೆ ತುಂಬ ಬಿರಿಯಾನಿ ಬಡಿಸಿಕೊಂಡು ಅಂಚಿಗೆ ಎರಡು ಹೋಳು ಇಟ್ಟುಕೊಂಡರೆ ಪ್ರಯೋಜನವೇನು? ಅನ್ನವನ್ನು ಅರ್ಧಕ್ಕಿಳಿಸಿ, ಆ ಜಾಗದಲ್ಲಿ ಟೊಮೆಟೊ, ಸೌತೆ, ಉಳ್ಳಾಗಡ್ಡಿ, ಮೆಂತ್ಯಸೊಪ್ಪಿನ ಪಚಡಿ ಬಂದಾಗಲೇ ಅದರ ಗುಣ ಕಾಣುವುದು. ಜೋಳದ ರೊಟ್ಟಿಯನ್ನು ಎಷ್ಟಾದರೂ ತಿನ್ನಬಹುದೆಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ಜೋಳವೂ ಪಿಷ್ಟವೇ, ಅದಕ್ಕೂ ಲೆಕ್ಕ ಬೇಕು. ಬೆಲ್ಲ ಹಾಕಿದ ಟೊಮೆಟೊ ಚಟ್ನಿ, ಸಕ್ಕರೆ ಬೆರೆತ ಬಾಟಲಿಯ ಸಾಸ್ ಈ ಮಾತಿನೊಳಗೆ ಬಾರವು. ರಸ ಹಿಂಡಿ ಸೋಸಿ ಕುಡಿಯುವುದಕ್ಕಿಂತ ಹಣ್ಣನ್ನೇ ತಿನ್ನುವುದು ಮೇಲು, ನಾರು ಉಳಿಯುತ್ತದೆ.

ಮಧುಮೇಹದಿಂದ ಮೂತ್ರಪಿಂಡ ಕುಂದಿದವರಿಗೆ ಟೊಮೆಟೊದಲ್ಲಿರುವ ಪೊಟ್ಯಾಸಿಯಂ ತೊಡಕಾಗಬಹುದು. ಅವರು ವೈದ್ಯರನ್ನು ಕೇಳಿಯೇ ತಿನ್ನಬೇಕು. ಇನ್ಸುಲಿನ್ ಪಡೆಯುವವರು ಊಟದ ಪ್ರಮಾಣವನ್ನು ಒಮ್ಮೆಗೇ ಇಳಿಸಿದರೆ ಸಕ್ಕರೆ ಕುಸಿದು ತಲೆ ಸುತ್ತೀತು. ಗುಳಿಗೆ ಕಡಿಮೆ ಮಾಡುವ ತೀರ್ಮಾನವಂತೂ ರಕ್ತಪರೀಕ್ಷೆ ನೋಡಿದ ವೈದ್ಯರದೇ ಹೊರತು ಸಂತೆಯಲ್ಲಿ ಸಿಕ್ಕ ಹಿತೈಷಿಯದಲ್ಲ.