ಪ್ರೌಢರು ಕೂಡಿ ಆಡತಕ್ಕ ನುಡಿಯಾಟಗಳು

ಇತ್ತಿತ್ತಲಾಗಿ ನಮ್ಮ ಜಿಲ್ಲೆಯ ಸಂಘಸಂಸ್ಥೆಗಳಲ್ಲಿ ಒಂದು ಒಳ್ಳೆಯ ರೂಢಿಯು ಬೆಳೆದುಬಂದಿರುವದು. ವಾರ್ಷಿಕೋತ್ಸವ, ರಾಜ್ಯೋತ್ಸವ, ಯುಗಾದಿಯ ಕೂಟ ಮೊದಲಾದ ಪ್ರಸಂಗಗಳಲ್ಲಿ ಭಾಷಣಗಳು ಮುಗಿದ ತರುವಾಯ, ನೆರೆದ ಸ್ತ್ರೀಪುರುಷರು ಕೂಡಿ ಒಂದು ನುಡಿಯಾಟವನ್ನಾಡಲೆಂದು ಕಾರ್ಯಕರ್ತರು ಏರ್ಪಾಡು ಮಾಡುವರು. ಭಾಷಣ ಕೇಳಿ ದಣಿದ ಜನಕ್ಕೆ ಇದು ಹಿತಕರವೇ ಸರಿ. ಆದರೆ ಆಟದ ಆಯ್ಕೆಯಲ್ಲಿ ನಡೆಯುತ್ತಲಿರುವ ಅವಿಚಾರವನ್ನು ಕಂಡು ಸುಮ್ಮನಿರಲಾರದೆ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಅಲ್ಲಿ ನಡೆಯುವದೇನು? ಒಂದೋ ಸಿನೇಮಾ ಹಾಡುಗಳ ಅಂತ್ಯಾಕ್ಷರಿ. ಇಲ್ಲವೆ ಅಚ್ಚು ಹಾಕಿಸಿದ ಕಾಗದವನ್ನೂ ಪೆನ್ಸಿಲನ್ನೂ ಹಂಚಿ, ಇಷ್ಟು ನಿಮಿಷಗಳೊಳಗೆ ತೆರವಾದ ಸ್ಥಳಗಳನ್ನು ತುಂಬಿರೆಂಬ ಪರೀಕ್ಷೆ. ಅದೂ ಅಲ್ಲವಾದರೆ ಇಂಗ್ಲಿಷಿನಿಂದ ಎತ್ತಿ ತಂದ ಅಕ್ಷರಬಿಲ್ಲೆಗಳ ಆಟ. ಒಂದು ಕೂಟದಲ್ಲಿ ಕಾಗದ ಹಂಚತೊಡಗಿದೊಡನೆ ಹಿಂದೆ ಕುಳಿತಿದ್ದ ಐದಾರು ಜನ ಮುದುಕಿಯರು ಮೆಲ್ಲನೆ ಎದ್ದು ಹೊರಟುಹೋದರು. ಅವರಲ್ಲಿ ಒಬ್ಬಾಕೆ ರಾತ್ರಿಯೆಲ್ಲ ಹೇಳಿದರೂ ಮುಗಿಯದಷ್ಟು ಒಗಟುಗಳನ್ನು ಬಲ್ಲವಳು. ಕನ್ನಡ ನುಡಿಯ ಹೆಸರಿನಿಂದ ಕೂಡಿದ ಕೂಟದೊಳಗಿಂದ ಕನ್ನಡ ನುಡಿಯ ಭಾಂಡಾರವೇ ಎದ್ದುಹೋದಂತಾಯಿತು. ಇದು ಸಣ್ಣ ಹಾನಿಯೆಂದು ಯಾರಾದರೂ ಹೇಳಬಲ್ಲರೇ?

ನನ್ನ ಪಕ್ಷವಿಷ್ಟು. ಪ್ರೌಢರು ಕೂಡಿ ಆಡುವ ನುಡಿಯಾಟವು ಬಾಯಿ ಕಿವಿಗಳ ಆಟವಾಗಿರಬೇಕು. ಅದರ ನಿಯಮವು ಕನ್ನಡದ ಸ್ವಭಾವಕ್ಕೆ ಒಪ್ಪುವಂತಿರಬೇಕು. ನೆರೆದವರೆಲ್ಲರೂ ಆಡುವವರಾಗಬೇಕಲ್ಲದೆ ಕೆಲವರು ಆಡಿ ಉಳಿದವರು ನೋಡುವಂತಾಗಬಾರದು. ಈ ಮೂರು ಲಕ್ಷಣಗಳಿಲ್ಲದ ಆಟವು ಬೇರೆ ಕಡೆಗೆ ಎಷ್ಟೇ ಸೊಗಸಾಗಿರಲಿ, ನಮ್ಮ ಕೂಟಕ್ಕೆ ಸಲ್ಲದು.

ಮೊದಲು ಒಂದು ಪೂರ್ವಪಕ್ಷವನ್ನು ನಿವಾರಿಸತಕ್ಕದ್ದು. "ಆಟವೆಂಬದು ಹುಡುಗರ ಸೊತ್ತು, ಇದಕ್ಕೇಕೆ ಇಷ್ಟು ವಿಚಾರ?" ಎಂದು ಕೆಲವು ಸಂಭಾವಿತರು ಕೇಳುವರು. ವಾತ್ಸ್ಯಾಯನನು ನಾಗರಿಕನು ಕಲಿಯಬೇಕಾದ ಅರವತ್ತನಾಲ್ಕು ಕಲೆಗಳನ್ನು ಎಣಿಸುವಾಗ ಪ್ರಹೇಳಿಕೆ, ಪ್ರತಿಮಾಲೆ, ದುರ್ವಾಚಕಯೋಗ, ಕಾವ್ಯಸಮಸ್ಯಾಪೂರಣ ಇವುಗಳನ್ನು ಸೇರಿಸಿದ್ದಾನೆ. ಪ್ರಹೇಳಿಕೆಯೆಂದರೆ ಒಗಟು, ಪ್ರತಿಮಾಲೆಯೆಂದರೆ ಅಂತ್ಯಾಕ್ಷರಿ, ದುರ್ವಾಚಕಯೋಗವೆಂದರೆ ನಾಲಗೆ ತೊಡಕುವ ಮಾತನ್ನು ತಡವರಿಸದೆ ಹೇಳುವದು. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ವಿವರಿಸಿ, ಗೋಷ್ಠಿಗಳ ವಿನೋದಕ್ಕೆ ಇವು ಉಪಯುಕ್ತವೆಂದು ಸ್ಪಷ್ಟವಾಗಿ ಹೇಳಿದ್ದಾನೆ. ಅಷ್ಟು ದೂರ ಹೋಗುವದೂ ಬೇಡ. ಮುಂಡಿಗೆಗಳನ್ನು ಕಟ್ಟಿದ ಕನಕದಾಸರು ನಮ್ಮ ಶಿಗ್ಗಾಂವಿ ತಾಲೂಕಿನ ಬಾಡದವರು. ಹೊರಗೊಂದು ಒಳಗೊಂದು ಅರ್ಥವಿಟ್ಟು ಹಾಡಿದ ಶರೀಫ ಸಾಹೇಬರು (೧೮೧೯–೧೮೮೯) ಇದೇ ತಾಲೂಕಿನ ಶಿಶುನಾಳದವರು. ತ್ರಿಪದಿಯಲ್ಲಿ ಒಗಟನ್ನು ಹೆಣೆದ ಸರ್ವಜ್ಞನ ಹೆಸರನ್ನು ಅಬಲೂರು, ಮಾಸೂರುಗಳೊಡನೆ ಜನವು ಜೋಡಿಸುತ್ತ ಬಂದಿರುವದು. ಇವರಾರೂ ಹುಡುಗರನ್ನು ಮಲಗಿಸುವದಕ್ಕಾಗಿ ಒಗಟು ಕಟ್ಟಿದವರಲ್ಲ. ಬಲಿತ ಬುದ್ಧಿಯವರು ತಲೆತುರಿಸಿಕೊಳ್ಳಲೆಂದೇ ಕಟ್ಟಿದರು.

ಇನ್ನು ಅಕ್ಷರಬಿಲ್ಲೆಗಳ ಆಟ. ಅಮೇರಿಕೆಯ ಆಲ್ಫ್ರೆಡ್ ಬಟ್ಸ್ ಎಂಬ ವಾಸ್ತುಶಿಲ್ಪಿಯು ೧೯೩೦ರ ದಶಕದಲ್ಲಿ ಕಲ್ಪಿಸಿದ ಈ ಆಟವು ೧೯೪೮ರಲ್ಲಿ ಸ್ಕ್ರ್ಯಾಬಲ್ ಎಂಬ ಹೆಸರನ್ನು ತಳೆಯಿತು. ಇಪ್ಪತ್ತಾರು ಅಕ್ಷರಗಳ ಭಾಷೆಗೆ ನೂರು ಬಿಲ್ಲೆಗಳು ಸಾಕಾದವು. ನಮ್ಮಲ್ಲಿ ೩೪ ವ್ಯಂಜನಗಳು ೧೩ ಸ್ವರಗಳೊಡನೆ ಕೂಡಿದರೇ ೪೪೨ ಗುಣಿತಾಕ್ಷರಗಳಾಗುವವು. ಒತ್ತಕ್ಷರಗಳ ಲೆಕ್ಕ ಬೇರೆ. 'ಸ್ತ್ರೀ' ಎಂಬದು ಉಚ್ಚಾರಕ್ಕೆ ಒಂದೇ ಅಕ್ಷರ. ಅದನ್ನು ಎಷ್ಟು ಬಿಲ್ಲೆಗಳಲ್ಲಿ ಒಡೆದಿಡುವಿರಿ? ಕಾಗುಣಿತವನ್ನು ಬಿಡಿಸಿ ಬಿಲ್ಲೆ ಮಾಡಿದರೆ ಕನ್ನಡವು ಓದಲು ಬಾರದಂತಾಗುವದು. ಬಿಡಿಸದೆ ಮಾಡಿದರೆ ಬಿಲ್ಲೆಗಳಿಗೆ ಚೀಲವೇ ಸಾಲದು. ನಮ್ಮ ಪತ್ರಿಕೆಗಳ ಪದಬಂಧಕಾರರು ಈ ವಿಷಯದಲ್ಲಿ ಜಾಣರು. ೧೯೧೩ರಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಹುಟ್ಟಿದ ಆ ಬಂಧವನ್ನು ಅವರು ತಂದರೂ, ಒಂದು ಮನೆಗೆ ಒಂದು ಪೂರ್ಣಾಕ್ಷರವೆಂಬ ನಿಯಮವನ್ನಿಟ್ಟು ಕನ್ನಡಕ್ಕೆ ಒಗ್ಗಿಸಿಕೊಂಡರು. ಆದರೆ ಪದಬಂಧವು ಒಬ್ಬನೇ ಮೂಲೆಯಲ್ಲಿ ಕುಳಿತು ಬಿಡಿಸುವಂಥದು. ೨೦೨೧ರಿಂದೀಚೆಗೆ ಮೊಬೈಲಿನಲ್ಲಿ ದಿನಕ್ಕೊಂದರಂತೆ ಬರುತ್ತಲಿರುವ ಐದಕ್ಷರದ ಇಂಗ್ಲಿಷ್ ಒಗಟೂ ಅಂಥದೇ. ಏಕಾಂತಕ್ಕೆ ಅವು ಇರಲಿ, ಕೂಟಕ್ಕೆ ಬೇಡ.

ಅಂತ್ಯಾಕ್ಷರಿಯ ವಿಷಯಕ್ಕೆ ಬರೋಣ. ಸಂಸ್ಕೃತ ಪಾಠಶಾಲೆಯಲ್ಲಿ ಶ್ಲೋಕಗಳ ಅಂತ್ಯಾಕ್ಷರಿಯನ್ನಾಡಿ ಬೆಳೆದವನು ನಾನು. ಆದುದರಿಂದ ದ್ವೇಷದಿಂದ ಹೇಳುವವನಲ್ಲ. ಸಿನೇಮಾ ಹಾಡಿನ ಮೇಲೆಯೂ ನನಗೆ ಮುನಿಸಿಲ್ಲ. ನನ್ನ ಆಕ್ಷೇಪವು ಕೊನೆಯ ಅಕ್ಷರವೆಂಬ ನಿಯಮದ ಮೇಲೆಯೇ. ಈ ನಿಯಮವು ಸಂಸ್ಕೃತಕ್ಕೆ ಒಪ್ಪೀತು, ಕನ್ನಡಕ್ಕೆ ಒಪ್ಪದು. ಹೇಗೆಂದರೆ, ನಮ್ಮ ಬಹುವಚನಗಳೆಲ್ಲ ಬಹುಶಃ 'ಗಳು' ಎಂದು ಮುಗಿಯುವವು. ಕ್ರಿಯಾಪದಗಳು ಬಂದನು, ಬಂದಳು, ಬಂದರು ಎಂದು ಮುಗಿಯುವವು. ಬಾಗಿಲು, ಕಣ್ಣು, ಹಾಲು, ಸವಣೂರು, ಹಿರೇಕೆರೂರು—ಎಲ್ಲವೂ ಇದೇ ಪರಿ. ಆದರೆ 'ಳ' ಕಾರದಿಂದಾಗಲಿ 'ಣ' ಕಾರದಿಂದಾಗಲಿ ಮೊದಲಾಗುವ ಕನ್ನಡ ಶಬ್ದವೇ ಇಲ್ಲ. 'ರ', 'ಲ'ಗಳಿಂದ ಮೊದಲಾಗುವ ಅಚ್ಚಗನ್ನಡ ಶಬ್ದಗಳೂ ವಿರಳ. 'ರು' ಬಂದರೆ ಸಂಸ್ಕೃತದ ರುಚಿಯನ್ನೋ ಪಾರಸಿಯ ರುಮಾಲನ್ನೋ ತರಬೇಕು. 'ಲು' ಬಂದರೆ ಲುಂಗಿಯೇ ಗತಿ. ಹೀಗೆ ಆಟದ ನಿಯಮವೇ ಆಡುವವನನ್ನು ಕನ್ನಡದಿಂದ ಹೊರಗೆ ತಳ್ಳುತ್ತಿರುವದು.

"ಅದಕ್ಕೇನು, 'ಳ' ಬಂದಲ್ಲಿ 'ಲ', 'ಣ' ಬಂದಲ್ಲಿ 'ನ' ಎಂದಿಟ್ಟುಕೊಳ್ಳುತ್ತೇವೆ" ಎಂದು ಆಟದ ಯಜಮಾನರು ಹೇಳುವರು. ಹಾಗೆಯೇ ಎಲ್ಲೆಡೆಯಲ್ಲಿ ನಡೆದಿರುವದು. ಮಹನೀಯರೇ, ಹುಳಿಗೂ ಹುಲಿಗೂ, ಹಳ್ಳಿಗೂ ಹಲ್ಲಿಗೂ ಭೇದವಿಲ್ಲವೆಂದು ಒಪ್ಪಿಸುವ ಆಟವು ನುಡಿಯಾಟವೇ? ಮೊದಲೇ ನಮ್ಮ ತರುಣರ ನಾಲಗೆಯ ಮೇಲೆ ಳಕಾರವು ಅಳಿಯುತ್ತ ನಡೆದಿರುವದು. ಅದನ್ನು ಕಾಯಬೇಕಾದ ಸಾಹಿತ್ಯಸಂಘವೇ ಅದಕ್ಕೆ ರಜೆ ಕೊಡುವದು ಯಾವ ನ್ಯಾಯ?

ಹಾಗಾದರೆ ಕನ್ನಡಕ್ಕೆ ಒಪ್ಪುವ ನಿಯಮ ಯಾವದು? ಅದನ್ನು ಹೊಸತಾಗಿ ಹುಡುಕಬೇಕಾಗಿಲ್ಲ. ಕನ್ನಡ ಕವಿಗಳು ಶತಮಾನಗಳ ಪರ್ಯಂತ ಪಾದದ ಎರಡನೆಯ ಅಕ್ಷರದ ಮೇಲೆ ಪ್ರಾಸವನ್ನಿಟ್ಟರು. ಪಾದದ ಮೊದಲ ಅಕ್ಷರ ಏನಾದರೂ ಇರಲಿ, ಎರಡನೆಯ ಅಕ್ಷರದ ವ್ಯಂಜನವು ಎಲ್ಲ ಪಾದಗಳಲ್ಲಿಯೂ ಒಂದೇ ಆಗಿರಬೇಕು. ಸ್ವರವು ಬದಲಾದರೆ ಬಾಧಕವಿಲ್ಲ. ಇದೇ ಆದಿಪ್ರಾಸ. ಇದನ್ನೇ ಆಟದ ನಿಯಮವನ್ನಾಗಿ ಮಾಡಿರಿ. ಒಬ್ಬನು ಒಂದು ಶಬ್ದವನ್ನು ಹೇಳಲಿ. ಮುಂದಿನವನು ಎರಡನೆಯ ವ್ಯಂಜನವು ಅದೇ ಆಗಿರುವ ಶಬ್ದವನ್ನು ಹೇಳಲಿ. ನಮ್ಮ ಊರಿನ ಹೆಸರನ್ನೇ ತಕ್ಕೊಳ್ಳಿರಿ. ತಡಸ ಎಂದೊಡನೆ ಗಿಡ, ಕೊಡ, ಎಡೆ, ಜಡೆ, ಕುಡುಗೋಲು, ಹಡಗು ಎಂದು ಶಬ್ದಗಳು ತಾವಾಗಿಯೇ ಓಡಿಬರುವವು. ಮೊದಲಕ್ಷರವು ದೀರ್ಘವಾದರೆ ಬಾಡ, ಬ್ಯಾಡಗಿ, ಹಾಡು, ಮೋಡ, ಗೋಡೆ. ಅಂತ್ಯಾಕ್ಷರಿಯಲ್ಲಿ ನಮ್ಮನ್ನು ಕಂಗೆಡಿಸಿದ ಅಕ್ಷರಗಳೇ ಇಲ್ಲಿ ಐಶ್ವರ್ಯವಾಗುವವು! ಳಕಾರಕ್ಕೆ ಮಳೆ, ಹೊಳೆ, ಬೆಳೆ, ಕಳೆ, ತಳಿ. ಣಕಾರಕ್ಕೆ ಹಣ, ಗಿಣಿ, ಎಣಿಕೆ. ಒತ್ತಿ ನುಡಿದರೆ ಕಣ್ಣು, ಹಣ್ಣು, ಮಣ್ಣು, ಹೆಣ್ಣು, ಎಣ್ಣೆ. ಒಕ್ಕಲಿಗನ ಹೊಲ, ಮನೆಗಳೊಳಗಿನ ಶಬ್ದಗಳೆಲ್ಲ ಆಟಕ್ಕಿಳಿಯುವವು.

ಆಟವು ಪಳಗಿದ ತರುವಾಯ ಬಿಗಿ ಹೆಚ್ಚಿಸಬಹುದು. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ, ಬಿಂದುವಿದ್ದರೆ ವೃಷಭಪ್ರಾಸವೆಂದು ನಮ್ಮ ಛಂದಶ್ಶಾಸ್ತ್ರಜ್ಞರು ಹೆಸರಿಟ್ಟಿರುವರು. ಒಂದು ಗುಂಪು ಸಿಂಹ, ಇನ್ನೊಂದು ಗಜವೆಂದು ಹಂಚಿಕೊಂಡು ಆಡಿದರೆ ಶಾಸ್ತ್ರವು ನಗುನಗುತ್ತ ಮನಸ್ಸಿನಲ್ಲಿಳಿಯುವದು.

ಇಲ್ಲಿ ಮತ್ತೊಂದು ಆಕ್ಷೇಪ: "ಇದು ಓದಿದವರಿಗೆ ಮಾತ್ರ ಸಾಧ್ಯ." ಇದು ಶುದ್ಧ ತಪ್ಪು ತಿಳಿವಳಿಕೆ. ನಮ್ಮ ಮದುವೆಮನೆಗಳಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಹೆಣೆದು ಹೇಳಿದ ಹೆಣ್ಣುಮಕ್ಕಳು ಯಾವ ಛಂದಸ್ಸನ್ನು ಓದಿದ್ದರು? ಗೀಗೀ ಮೇಳಗಳಲ್ಲಿ ಹರದೇಶಿ ನಾಗೇಶಿಯವರು ಒಬ್ಬರ ಸವಾಲಿಗೆ ಇನ್ನೊಬ್ಬರು ಪದದಲ್ಲಿಯೇ ಜವಾಬು ಕೊಟ್ಟದ್ದು ಯಾವ ಕಾಲೇಜಿನ ಬಲದಿಂದ? ಕನ್ನಡಿಗರು ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಹೊಗಳಿರುವದು. ಸಭೆಗಳಲ್ಲಿ ಆ ಮಾತನ್ನು ಉದ್ಧರಿಸಿ ಚಪ್ಪಾಳೆ ಗಿಟ್ಟಿಸುವ ನಾವು, ಅದೇ ಸಭೆಯಲ್ಲಿ ಓದದವರ ಕೈಗೆ ಪೆನ್ಸಿಲು ಕೊಟ್ಟು ನಾಚಿಕೆಪಡಿಸುತ್ತೇವೆ!

ನನ್ನ ಪಂಡಿತ ಮಿತ್ರರಿಗೂ ಒಂದು ಮಾತು. ಕೂಟದಲ್ಲಿ ಅಷ್ಟಾವಧಾನವನ್ನೇ ಏರ್ಪಡಿಸಬೇಕೆಂಬದು ಅವರ ಹಟ. ಕನ್ನಡದಲ್ಲಿ ಈ ಕಲೆಗೆ ಮರಳಿ ಜೀವ ತುಂಬಿದ ಶತಾವಧಾನಿ ಆರ್. ಗಣೇಶರ ಪ್ರತಿಭೆಗೆ ನಾನೂ ತಲೆಬಾಗುವವನೇ. ಆದರೆ ಅಲ್ಲಿ ಅವಧಾನಿಯು ಒಬ್ಬ, ಪೃಚ್ಛಕರು ಎಂಟು ಜನ, ಉಳಿದವರು ಪ್ರೇಕ್ಷಕರು. ಅದು ದರ್ಶನ, ಕೂಡಾಟವಲ್ಲ. ಅದರ ಅಂಗಗಳನ್ನು ಬೇಕಾದರೆ ಹಗುರಮಾಡಿ ತರೋಣ. ದತ್ತಪದಿಯಂತೆ ಸಂಬಂಧವಿಲ್ಲದ ನಾಲ್ಕು ಶಬ್ದಗಳನ್ನು ಕೊಟ್ಟು, ಅವೆಲ್ಲ ಬರುವಂತೆ ನಾಲ್ಕು ವಾಕ್ಯದ ಕತೆಯನ್ನು ಹೇಳಿಸಬಹುದು. ನಿಷೇಧಾಕ್ಷರಿಯಂತೆ ಒಂದು ಅಕ್ಷರವನ್ನು ನಿಷೇಧಿಸಿ, ಸಂತೆಯ ವರ್ಣನೆಯನ್ನು ಮಾಡಿಸಬಹುದು. ಇವಕ್ಕೆ ಲಿಪಿ ಬೇಕಿಲ್ಲ, ನಾಲಗೆಯೊಂದು ಸಾಕು.

ಒಗಟಿನ ವಿಷಯದಲ್ಲಿಯೂ ಒಂದು ಸೂಚನೆ. ಹಳೆಯ ಒಗಟುಗಳನ್ನು ಕೇಳಿ ಉತ್ತರ ಒಪ್ಪಿಸುವದಷ್ಟೇ ಆದರೆ ಅದು ನೆನಪಿನ ಪರೀಕ್ಷೆಯಾಗುವದು. ಹೊಸತನ್ನು ಕಟ್ಟಿಸಬೇಕು. "ಹಸಿರಾಗಿ ಹುಟ್ಟಿ ಕೆಂಪಾಗಿ ಪೇಟೆಗೆ ಹೋಗುವಳು, ಬಣ್ಣವೆಲ್ಲ ಬೆಂಕಿ, ಉರಿ ಮಾತ್ರ ಅಷ್ಟಕ್ಕಷ್ಟೆ"—ಬ್ಯಾಡಗಿ ಮೆಣಸಿನಕಾಯಿಯನ್ನು ಕುರಿತು ಇಷ್ಟನ್ನು ಕಟ್ಟುವದಕ್ಕೆ ಪಾಂಡಿತ್ಯವೇನೂ ಬೇಡ, ಅದನ್ನು ಬಿಸಿಲಿಗೆ ಹರವಿದ ಕೈ ಬೇಕು. ನಮ್ಮ ತಾಲೂಕಿನ ಗೋಟಗೋಡಿಯಲ್ಲಿ ೨೦೧೧ರಿಂದ ಜಾನಪದ ವಿಶ್ವವಿದ್ಯಾಲಯವೇ ಇರುವದು. ಜಾನಪದವನ್ನು ಸಂಗ್ರಹಿಸುವದು ಅದರ ಕೆಲಸ; ಅದನ್ನು ಬಾಯಲ್ಲಿ ನಡೆಯಿಸುವದು ನಮ್ಮ ಕೆಲಸ.

ಆದುದರಿಂದ ಸಂಘದ ಕಾರ್ಯಕರ್ತರಲ್ಲಿ ನನ್ನ ವಿನಂತಿ ಇಷ್ಟೇ. ಬರುವ ಶ್ರಾವಣದ ಕೂಟದಲ್ಲಿ ಕಾಗದ, ಪೆನ್ಸಿಲು, ಬಿಲ್ಲೆಗಳನ್ನು ಕೊಳ್ಳಬೇಡಿರಿ. ಆ ಹಣದಿಂದ ಚಹ ಚುರುಮುರಿ ತರಿಸಿರಿ. ಸಾಲುಗಳನ್ನು ಮುರಿದು ಎಲ್ಲರನ್ನೂ ಸುತ್ತುಗಟ್ಟಿ ಕುಳ್ಳಿರಿಸಿರಿ. ಮೊದಲು ಒಗಟು, ತರುವಾಯ ಪ್ರಾಸದಾಟ, ಕೊನೆಗೆ ನಾಲ್ಕು ಶಬ್ದದ ಕತೆ. ಎದ್ದುಹೋದ ಆ ತಾಯಂದಿರ ಮನೆಗಳಿಗೆ ನೀವೇ ಹೋಗಿ ಕರೆಯಿರಿ. ಮೊದಲ ಒಗಟನ್ನು ಅವರೇ ಹೇಳಲಿ. ಅಂತ್ಯಾಕ್ಷರಿಯೇ ಮೇಲೆನ್ನುವವರಿದ್ದರೆ, ಳಕಾರದಿಂದ ಮೊದಲಾಗುವ ಒಂದೇ ಒಂದು ಕನ್ನಡ ಶಬ್ದವನ್ನು ಇದೇ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಲಿ.