ಓಡಬಲ್ಲವರು ಹಲವರು, ಖೋ ಕೊಡಬಲ್ಲವರು ಕೆಲವರು



ಅಮೆರಿಕೆಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಕಳೆದ ಡಿಸೆಂಬರ್ ರಜೆಯಲ್ಲಿ ಊರಿಗೆ ಬಂದಿದ್ದಾಗ ಅಲ್ಲಿನ ಕಾಲೇಜು ಫುಟ್‌ಬಾಲ್ ಪಂದ್ಯವೊಂದನ್ನು ಲ್ಯಾಪ್‌ಟಾಪಿನಲ್ಲಿ ತೋರಿಸಿದ. ಅದು ನಾವು ಬಲ್ಲ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಒಬ್ಬರನ್ನೊಬ್ಬರು ಕೆಡಹುವ ಆಟ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಒಬ್ಬ ಆಟಗಾರನಿರುತ್ತಾನೆ. ಚೆಂಡು ಮೊದಲು ಅವನ ಕೈಗೆ ಬರುತ್ತದೆ. ಎದುರಾಳಿಗಳು ಅವನ ಮೇಲೆ ಬೀಳುವುದರೊಳಗೆ ತಾನೇ ಓಡಬೇಕೋ, ಮುಂದಿರುವ ಸಂಗಡಿಗನಿಗೆ ಎಸೆಯಬೇಕೋ ಎಂಬುದನ್ನು ಅವನು ಎರಡು ಮೂರು ಕ್ಷಣಗಳಲ್ಲಿ ತೀರ್ಮಾನಿಸಬೇಕು. ಆಟ ಆರಂಭವಾದ ಗೆರೆಯನ್ನು ಒಮ್ಮೆ ದಾಟಿದನೆಂದರೆ ಅವನು ಮುಂದಕ್ಕೆ ಎಸೆಯುವಂತಿಲ್ಲ.

ತನ್ನ ಕಾಲೇಜಿನ ತಂಡದ ಹುಡುಗನನ್ನು ತೋರಿಸಿ ನನ್ನ ಅಳಿಯ ಹೇಳಿದ: "ಮಾಮಾ, ಇವನ ಓಟ ಭಾಳ ಛಲೋ ಐತಿ. ಆದರ ಅಂಜಿಕಿ ಬಂತಂದ್ರ ಎಸಿಯೂದು ಬಿಟ್ಟು ಓಡೇ ಬಿಡ್ತಾನ. ಎಸೆದರೂ ಗುರಿ ತಪ್ಪತಾನ."

ಆ ಮಾತು ಕೇಳಿದಾಗ ನನಗೆ ನೆನಪಾದದ್ದು ಅಮೆರಿಕೆಯ ಮೈದಾನವಲ್ಲ, 1996ನೆಯ ಇಸವಿಯ ಒಂದು ತಾಲೂಕು ಮಟ್ಟದ ಕ್ರೀಡಾಕೂಟ. ಆ ನೆನಪಿನೊಡನೆ ನನ್ನದೊಂದು ತಪ್ಪೂ ಸೇರಿಕೊಂಡಿದೆ. ಅದನ್ನು ಹೇಳಿ, ಅದರಿಂದ ನಾನು ತಲುಪಿದ ಅಭಿಪ್ರಾಯವನ್ನು ನಿಮ್ಮ ಮುಂದಿಡುವುದೇ ಈ ಬರಹದ ಉದ್ದೇಶ.

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ಖೋಖೋ ಆಡದೆ ಬೆಳೆದವರು ವಿರಳ. ಗಡಿಯಾಚೆಗೆ ಮೀರಜ, ಸಾಂಗಲಿ, ಇಚಲಕರಂಜಿಗಳು ಕೂಗಳತೆಯ ದೂರದಲ್ಲಿವೆ. ಅಲ್ಲಿಯೂ ಇದೇ ಆಟದ ಹುಚ್ಚು. ಖೋ ಎಂಬ ಒಂದಕ್ಷರಕ್ಕೆ ಕನ್ನಡ ಮರಾಠಿಗಳ ಭೇದವಿಲ್ಲ. ಎರಡು ಕಂಬ, ಒಂದು ಹಿಡಿ ಸುಣ್ಣದ ಪುಡಿ, ಗುಡಿಯ ಮುಂದಿನ ಬಯಲು ಇದ್ದರೆ ಸಾಕು. ಬೂಟು ಬೇಡ, ಬ್ಯಾಟು ಬೇಡ. ಬಡವರ ಮಕ್ಕಳ ಆಟವೆಂದು ಹೇಳುವುದು ಇದಕ್ಕಾಗಿಯೇ.

ಬಹುದಿನಗಳಿಂದ ಆಟ ಮರೆತವರಿಗಾಗಿ ಅದರ ಮರ್ಮವನ್ನೊಮ್ಮೆ ನೆನಪಿಸುತ್ತೇನೆ. ಎಂಟು ಜನ ಚೇಸರುಗಳು ನಡುಸಾಲಿನ ಚೌಕಗಳಲ್ಲಿ, ಒಬ್ಬರು ಈ ಬದಿಗೆ ಮತ್ತೊಬ್ಬರು ಆ ಬದಿಗೆ ಮುಖ ಮಾಡಿ ಕುಳಿತಿರುತ್ತಾರೆ. ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಎದುರು ತಂಡದ ಓಟಗಾರರು ಮೂವರು ಮೂವರಾಗಿ ಅಂಕಣಕ್ಕೆ ಇಳಿಯುತ್ತಾರೆ. ಓಟಗಾರರು ಕುಳಿತವರ ನಡುವೆ ನುಸುಳಿ ಎತ್ತ ಬೇಕಾದರೂ ಹೋಗಬಹುದು. ಬೆನ್ನಟ್ಟುವವರಿಗೆ ಆ ಸ್ವಾತಂತ್ರ್ಯವಿಲ್ಲ. ಅವರು ನಡುಸಾಲನ್ನು ದಾಟುವಂತಿಲ್ಲ. ಒಮ್ಮೆ ಹಿಡಿದ ದಿಕ್ಕನ್ನು ಕಂಬ ಮುಟ್ಟುವವರೆಗೆ ಬದಲಿಸುವಂತಿಲ್ಲ. ಓಟಗಾರ್ತಿ ಆ ಬದಿಗೆ ನುಸುಳಿದಳೆಂದರೆ, ಚೇಸರ್ ಎಂಥ ಜಿಂಕೆಯೇ ಆಗಿರಲಿ, ಅವಳ ಕಾಲುಗಳಿಂದ ಪ್ರಯೋಜನವಿಲ್ಲ. ಆ ಬದಿಗೆ ಮುಖ ಮಾಡಿ ಕುಳಿತ ಗೆಳತಿಯ ಬೆನ್ನಿಗೆ ಅಂಗೈ ತಾಗಿಸಿ, ಅದೇ ಕ್ಷಣಕ್ಕೆ "ಖೋ" ಎನ್ನಬೇಕು. ಕೈಗಿಂತ ಮೊದಲು ಬಾಯಿ ಬಂದರೆ ತಪ್ಪು. ಆ ಗೆಳತಿಯ ಚೌಕವನ್ನು ದಾಟಿ ಮುಂದೆ ಹೋದ ಮೇಲೆ ಹಿಂದಕ್ಕೆ ಕೈಚಾಚಿದರೂ ತಪ್ಪು. ಪಂಚರು ಸೀಟಿ ಊದಿದರೆ ಚೇಸರ್ ಓಟಗಾರರಿಗೆ ವಿರುದ್ಧ ದಿಕ್ಕಿಗೆ ಸಾಗಬೇಕಾಗುತ್ತದೆ. ಅಷ್ಟರಲ್ಲಿ ಓಟಗಾರರು ನಿರಾಳವಾಗಿ ಉಸಿರು ತೆಗೆದುಕೊಳ್ಳುತ್ತಾರೆ.

ಹೀಗೆ ನೋಡಿದರೆ ಖೋಖೋದಲ್ಲಿ ಪ್ರತಿಯೊಬ್ಬ ಚೇಸರೂ ಒಬ್ಬ ಕ್ವಾರ್ಟರ್‌ಬ್ಯಾಕ್. ನಾನೇ ಓಡಲೋ, ಕೊಡಲೋ? ಕೊಡುವುದಾದರೆ ಯಾರಿಗೆ, ಯಾವ ಕ್ಷಣಕ್ಕೆ? ಓಟ, ಧೈರ್ಯ, ಕೈಯ ನಿಖರತೆ ಈ ಮೂರೂ ಒಂದೇ ಉಸಿರಿನಲ್ಲಿ ಕೂಡಿ ಬರಬೇಕು.

ಇನ್ನು ನನ್ನ ಕಥೆ. ಆಗ ನಾನು ರಾಯಬಾಗ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. ದೈಹಿಕ ಶಿಕ್ಷಕರ ಹುದ್ದೆ ಖಾಲಿಯಿದ್ದುದರಿಂದ ಆಟದ ಹೊಣೆಯೂ ನನ್ನ ಹೆಗಲೇರಿತ್ತು. ಬಾಲಕಿಯರ ಖೋಖೋ ತಂಡವನ್ನು ಆಯ್ಕೆ ಮಾಡಲು ನಾನು ಕಂಡುಕೊಂಡ ಉಪಾಯವೆಂದರೆ ನೂರು ಮೀಟರ್ ಓಟ! ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಓಡಿಸಿದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಉಳಿದವರನ್ನು ಬಹಳ ಹಿಂದೆ ಬಿಟ್ಟು ಗುರಿ ಮುಟ್ಟಿದಳು. "ಇವಳೇ ನಮ್ಮ ಮುಖ್ಯ ಚೇಸರ್" ಎಂದು ಅಲ್ಲಿಯೇ ಘೋಷಿಸಿಬಿಟ್ಟೆ. ಖೋ ಕೊಡುವುದನ್ನು ಆಕೆಗೆ ಕಲಿಸಬೇಕೆಂಬ ವಿಚಾರ ನನಗೆ ಹೊಳೆಯಲೇ ಇಲ್ಲ. ಅದೇನು ಮಹಾ ವಿದ್ಯೆ, ಬೆನ್ನು ಮುಟ್ಟಿ ಕೂಗುವುದಲ್ಲವೇ?

ಕ್ರೀಡಾಕೂಟದ ದಿನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಕ್ಕಳನ್ನು ಕೂಡಿಸಿಕೊಂಡು, ರೊಟ್ಟಿ ಶೇಂಗಾ ಚಟ್ನಿಯ ಗಂಟುಗಳೊಡನೆ ಹೊರಟೆವು. ಆರಂಭ ಚೆನ್ನಾಗಿಯೇ ಆಯಿತು. ನಮ್ಮ ಹುಡುಗಿ ನೋಡುನೋಡುತ್ತಲೇ ಮೂವರನ್ನು ಔಟ್ ಮಾಡಿದಳು. ಆಮೇಲೆ ಎದುರು ತಂಡದ ಒಬ್ಬ ಚೂಟಿ ಹುಡುಗಿ ಇಳಿದಳು. ಆಕೆ ವೇಗವಾಗಿ ಓಡಲಿಲ್ಲ. ಒಂದು ಚೌಕ ಬಿಟ್ಟು ಒಂದು ಚೌಕದ ನಡುವೆ ಹಾವಿನಂತೆ ಸರಿದಾಡಿದಳು. ನಮ್ಮವಳು ಈ ಬದಿಗೆ ಬಂದರೆ ಆಕೆ ಆ ಬದಿಗೆ. ಗೆರೆಯ ಹೊರಗೆ ನಿಂತು ನಾನು "ಓಡವಾ, ಓಡ! ಜಲ್ದಿ ಖೋ ಕೊಡ!" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದೆ. ನಾನು ಕೂಗಿದಷ್ಟೂ ಆಕೆ ಗಾಬರಿಯಾದಳು. ಒಮ್ಮೆ ಕೈಗಿಂತ ಮೊದಲು ಬಾಯಿ ಬಂತು, ಸೀಟಿ. ಮತ್ತೊಮ್ಮೆ ಚೌಕ ದಾಟಿದ ಮೇಲೆ ಕೈಚಾಚಿದಳು, ಸೀಟಿ. ಎರಡು ಸೀಟಿಗಳಾದ ಬಳಿಕ ಆಕೆ ಖೋ ಕೊಡುವುದನ್ನೇ ಬಿಟ್ಟು ಒಬ್ಬಳೇ ಕಂಬದಿಂದ ಕಂಬಕ್ಕೆ ಓಡತೊಡಗಿದಳು. ಸಂಗಡಿಗರೆಲ್ಲ ಕುಳಿತಲ್ಲಿಯೇ ಕುಳಿತರು. ನಾವು ಒಂದೇ ಒಂದು ಅಂಕದಿಂದ ಸೋತೆವು.

ಅನಂತರ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ನಾಲ್ಕಾರು ಶಾಲೆಗಳ ಮಕ್ಕಳು, ಶಿಕ್ಷಕರು ನಿಂತಿದ್ದಾಗ ಅವರೆಲ್ಲರ ಎದುರಿಗೆ "ಒಂದ ಖೋ ಕೊಡಾಕ ಬರಾಂಗಿಲ್ಲ ನಿನಗ? ನಿನ್ನಿಂದ ಎಲ್ಲಾರೂ ಸೋತರು" ಎಂದು ಆಕೆಯನ್ನು ಬೈದೆ. ಆಕೆ ಮರುಮಾತಾಡಲಿಲ್ಲ. ಮರಳುವಾಗ ಟ್ರೇಲರಿನ ಮೂಲೆಯಲ್ಲಿ ಮೊಣಕಾಲಿಗೆ ಮುಖವಿಟ್ಟು ಕುಳಿತಿದ್ದಳು. ಮರುದಿನದಿಂದ ಮೈದಾನಕ್ಕೆ ಬರಲಿಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಹೋಗುವವರೆಗೂ ಬರಲಿಲ್ಲ.

ಬಿ.ಎಡ್. ಪರೀಕ್ಷೆಯಲ್ಲಿ ಭಯವು ಮಗುವಿನ ಅವಧಾನವನ್ನು ಹೇಗೆ ಕುಂದಿಸುತ್ತದೆ ಎಂಬ ಪ್ರಶ್ನೆಗೆ ಪುಟಗಟ್ಟಲೆ ಉತ್ತರ ಬರೆದು ಅಂಕ ಪಡೆದವನು ನಾನು. ಕಣ್ಣೆದುರಿಗೇ ಅದು ನಡೆದಾಗ ಗುರುತಿಸಲಾಗಲಿಲ್ಲ. ಅಷ್ಟೇ ಅಲ್ಲ, ಆ ಭಯಕ್ಕೆ ನಾನೇ ಕಾರಣನಾಗಿದ್ದೆ.

ನನ್ನ ಕಣ್ಣು ತೆರೆಸಿದವಳು ಮತ್ತೊಬ್ಬ ವಿದ್ಯಾರ್ಥಿನಿ. ಕೆಲವು ವರ್ಷಗಳ ನಂತರ ಅಥಣಿಯ ಬದಿಗೆ ವರ್ಗವಾಗಿ ಹೋದಾಗ ಅಲ್ಲಿನ ತಂಡದಲ್ಲಿ ಒಬ್ಬ ಹುಡುಗಿಯಿದ್ದಳು. ಓಟದ ಪಂದ್ಯದಲ್ಲಿ ಆಕೆಗೆ ಯಾವ ಸ್ಥಾನವೂ ಸಿಗುತ್ತಿರಲಿಲ್ಲ. ಆದರೆ ಖೋಖೋದಲ್ಲಿ ಆಕೆ ಎದ್ದಳೆಂದರೆ ಎದುರಿನವರು ಕಂಗಾಲಾಗುತ್ತಿದ್ದರು. ನಾಲ್ಕು ಹೆಜ್ಜೆ ಹಾಕುವಳು, ಖೋ ಕೊಡುವಳು. ಕೊಡುವಂತೆ ಕೈ ಎತ್ತಿ, ಕೊಡದೆ ಮುಂದಿನವಳಿಗೆ ಕೊಡುವಳು. ಆಕೆಯ ಕೈ ತಪ್ಪಿದ್ದನ್ನು ನಾನು ಹೆಚ್ಚು ಕಂಡಿಲ್ಲ. "ಇದನ್ನ ಹ್ಯಾಂಗ ಕಲತಿ ಯವ್ವಾ?" ಎಂದು ಒಂದು ದಿನ ಕೇಳಿದೆ. ಆಕೆ ಹೇಳಿದಳು: "ಸರ್, ಎಲ್ಲಾರೂ ಓಡಾಕಿನ ಕಾಲ ನೋಡ್ತಾರ್ರೀ. ನಾ ನಮ್ಮವರ ಬೆನ್ನ ನೋಡ್ತೀನ್ರೀ."

ಈ ಒಂದು ಮಾತಿನಲ್ಲಿ ಇಡೀ ಆಟದ ವ್ಯಾಕರಣವಿದೆ ಎಂದು ನನ್ನ ಭಾವನೆ. ಅಂಜಿದವನ ನೋಟ ಕಿರಿದಾಗುತ್ತದೆ. ತಪ್ಪಿಸಿಕೊಳ್ಳುತ್ತಿರುವ ಓಟಗಾರ್ತಿಯೊಬ್ಬಳೇ ಕಾಣುತ್ತಾಳೆ, ಕುಳಿತಿರುವ ಎಂಟು ಜನ ಸಂಗಡಿಗರು ಕಾಣುವುದಿಲ್ಲ. ಆಗ ಕಾಲು ತಾನಾಗಿಯೇ ಓಡುತ್ತದೆ, ಏಕೆಂದರೆ ಓಡಲು ಯಾರನ್ನೂ ನಂಬಬೇಕಾಗಿಲ್ಲ. ಖೋ ಕೊಡಲು ಮತ್ತೊಬ್ಬರನ್ನು ನಂಬಬೇಕು. ಅಮೆರಿಕೆಯ ಆ ಹುಡುಗನೂ ಗುರಿ ತಪ್ಪುತ್ತಿದ್ದುದು ತೋಳಿನ ದೋಷದಿಂದ ಇರಲಾರದು. ನೋಟ ಚದರಿದ ಮೇಲೆ ಕೈ ನೆಟ್ಟಗಿರುವುದಾದರೂ ಹೇಗೆ?

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋಖೋ ವಿಶ್ವಕಪ್ ನಡೆದುದು ನಿಮಗೆ ಗೊತ್ತೇ ಇದೆ. ಜನವರಿ 19ರಂದು ನಮ್ಮ ಮಹಿಳೆಯರು ನೇಪಾಳವನ್ನು 78-40ರಿಂದಲೂ ಪುರುಷರು 54-36ರಿಂದಲೂ ಸೋಲಿಸಿದರು. ಗೆದ್ದ ತಂಡಗಳಲ್ಲಿ ನಮ್ಮ ಕರ್ನಾಟಕದ ಚೈತ್ರಾ, ಗೌತಮ್ ಇದ್ದರೆಂಬುದು ಹೆಮ್ಮೆಯ ಸಂಗತಿ. ಆ ಹೊಸ ಬಗೆಯ ಆಟದಲ್ಲಿ ‘ವಜೀರ್’ ಎಂಬ ಆಟಗಾರನಿಗೆ ಬೆನ್ನಟ್ಟುವಾಗ ಯಾವ ದಿಕ್ಕಿಗಾದರೂ ತಿರುಗುವ ಸ್ವಾತಂತ್ರ್ಯ ಕೊಟ್ಟಿದ್ದಾರೆ. ಆದರೂ ವಜೀರನೊಬ್ಬನೇ ಓಡಿ ಪಂದ್ಯ ಗೆಲ್ಲಲಾರ. ಅವನೂ ಖೋ ಕೊಡಲೇಬೇಕು. ಆ ಪಂದ್ಯಗಳನ್ನು ಮತ್ತೆ ನೋಡುವಾಗ ಓಡುವವರನ್ನು ಬಿಟ್ಟು, ಖೋ ಕೊಡುವ ಕೈಯನ್ನು ಮಾತ್ರ ಗಮನಿಸಿ ನೋಡಿರಿ. ಬೇರೆಯದೇ ಆಟ ಕಾಣುತ್ತದೆ.

ಧೈರ್ಯವೆಂಬುದು ಹುಟ್ಟುಗುಣ, ಅದನ್ನು ಕಲಿಸಲಾಗದು ಎನ್ನುವವರಿದ್ದಾರೆ. ಬೈಗುಳ ತಿಂದ ಮಕ್ಕಳೇ ಗಟ್ಟಿಯಾಗುತ್ತಾರೆ ಎನ್ನುವವರೂ ಇದ್ದಾರೆ. ಮೊದಲನೆಯ ಮಾತನ್ನು ನಾನು ಒಪ್ಪುವುದಿಲ್ಲ. ಅಥಣಿಯ ಆ ಶಾಲೆಯಲ್ಲಿ ಮುಂದೆ ನಾವು ದಿನವೂ ಅರ್ಧ ತಾಸು ಓಟಗಾರರಿಲ್ಲದೆ ಬರಿಯ ಖೋ ಕೊಡುವುದನ್ನೇ ಅಭ್ಯಾಸ ಮಾಡಿಸಿದೆವು. ಮೊದಲು ನಡೆಯುತ್ತ, ಆಮೇಲೆ ಓಡುತ್ತ, ಕೊನೆಗೆ ದಣಿದು ಏದುಸಿರು ಬಿಡುವಾಗ. ದಣಿವಿನಲ್ಲಿಯೂ ತಪ್ಪದ ಕೈ ಪಂದ್ಯದ ದಿನ ಅಷ್ಟು ಸುಲಭವಾಗಿ ತಪ್ಪಲಿಲ್ಲ. ಎರಡನೆಯ ಮಾತಿಗೆ ಉತ್ತರವಾಗಿ ಗಟ್ಟಿಯಾದವರನ್ನು ನಾವು ಎಣಿಸುತ್ತೇವೆ, ಮೈದಾನ ಬಿಟ್ಟು ಹೋದವರನ್ನು ಎಣಿಸುವವರಿಲ್ಲ ಎಂದಷ್ಟೇ ಹೇಳುತ್ತೇನೆ.

ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ನಿಮ್ಮಲ್ಲಿ ನನ್ನ ಮೂರು ವಿನಂತಿಗಳಿವೆ. ತಂಡವನ್ನು ಕೇವಲ ಓಟ ನೋಡಿ ಆರಿಸಬೇಡಿರಿ. ಪಂದ್ಯ ನಡೆಯುವಾಗ ಗೆರೆಯ ಹೊರಗೆ ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ಕಲಿಯಿರಿ, ಅದು ಮಕ್ಕಳ ಅಭ್ಯಾಸಕ್ಕಿಂತ ಕಠಿಣವಾದುದು. ಪಾಠ ಮುಗಿದಿಲ್ಲವೆಂದು ಆಟದ ಪೀರಿಯಡ್ ಕಸಿದುಕೊಳ್ಳಬೇಡಿರಿ. ಈ ಮೂರನೆಯ ಅಪರಾಧವನ್ನೂ ನಾನು ಬೇಕಾದಷ್ಟು ಸಲ ಮಾಡಿದ್ದೇನೆ ಎಂಬುದಕ್ಕೆ ನೀವೇ ಸಾಕ್ಷಿ.

ಕೊನೆಯದಾಗಿ ಒಂದು ಸಂಗತಿ. 2024ರ ಬೇಸಿಗೆಯಲ್ಲಿ ಚಿಕ್ಕೋಡಿಯ ಒಂದು ಮದುವೆಯಲ್ಲಿ ಹೆಣ್ಣುಮಗಳೊಬ್ಬಳು ಬಂದು ಕಾಲಿಗೆ ನಮಸ್ಕರಿಸಿದಳು. ಹೆಸರು ಹೇಳಿದ ಕೂಡಲೇ ಗುರುತು ಸಿಕ್ಕಿತು. ಅದೇ 1996ರ ಹುಡುಗಿ. ಪಕ್ಕದಲ್ಲಿ ಎಂಟನೆಯ ತರಗತಿಗೆ ಹೋಗಲಿದ್ದ ಮಗಳು ನಿಂತಿದ್ದಳು, ತಾಯಿಯದೇ ಉದ್ದ ಕಾಲುಗಳು. "ಆಟ ಆಡ್ತಿ ಏನವಾ?" ಎಂದು ಕೇಳಿದೆ. ಹುಡುಗಿ ತಾಯಿಯ ಮುಖ ನೋಡಿದಳು. ತಾಯಿ ನಗುತ್ತಲೇ ಅಂದಳು: "ಸಾಲ್ಯಾಗ ಖೋಖೋಕ್ಕ ಕರದಾರ್ರೀ ಸರ್. ನಾನ ಬ್ಯಾಡಂದೀನಿ. ಹತ್ತ ಮಂದಿ ಮುಂದ ಬೈಸಿಕೊಳ್ಳೂದು ಯಾಕ ಬೇಕ್ರೀ?"

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ನನಗೆ ಏನು ಹೇಳಬೇಕೆಂದು ತೋಚಲಿಲ್ಲ. "ಅಂದಿನ ತಪ್ಪು ನಂದವಾ, ನಿಂದಲ್ಲ. ಖೋ ಕೊಡೂದನ್ನ ನಾ ಕಲಿಸಿರಲಿಲ್ಲ" ಎಂದೆ. ಅಷ್ಟರಲ್ಲಿ ಅಕ್ಷತೆ ಹಾಕಲು ಕರೆದರು, ಮಾತು ಅಲ್ಲಿಗೇ ನಿಂತಿತು.

ಇಪ್ಪತ್ತೆಂಟು ವರ್ಷ ತಡವಾಗಿ ಹೇಳಿದ ಮಾತು ತಲುಪಿತೋ ಇಲ್ಲವೋ. ತಂಗೀ, ನೀನು ಇದನ್ನು ಓದುತ್ತಿದ್ದರೆ ನಿನ್ನ ಗುರುವಿನ ವಿನಂತಿ ಇಷ್ಟೇ: ಮಗಳನ್ನು ಮೈದಾನಕ್ಕೆ ಕಳುಹಿಸು. ಅವಳನ್ನು ಕಲಿಸುವವರು ನನಗಿಂತ ತಿಳಿದವರಾಗಿರಲಿ.