ಶುಶ್ರೂಷಕಿಯರು ನಮ್ಮ ಸೀಮೆಯಲ್ಲಿ ನೆಲೆನಿಲ್ಲುವಂತಾಗಲೆಂದು ಅಬಲೂರಿನವರ ಮನವಿ ಪತ್ರ

ಮಾನ್ಯ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ, ಕರ್ನಾಟಕ ಸರಕಾರ, ಬೆಂಗಳೂರು
ಇವರ ಸನ್ನಿಧಾನಕ್ಕೆ.

ಮುಖಾಂತರ: ಮಾನ್ಯ ಜಿಲ್ಲಾಧಿಕಾರಿಗಳು, ಹಾವೇರಿ.

ವಿಷಯ: ಸ್ಥಳೀಯರೂ, ಪರಜಿಲ್ಲೆ ಪರರಾಜ್ಯಗಳಿಂದ ಬಂದವರೂ, ಪರದೇಶದಿಂದ ಮರಳಿದವರೂ ಆದ ಶುಶ್ರೂಷಕಿಯರು ನಮ್ಮ ಭಾಗದ ದವಾಖಾನೆಗಳಲ್ಲಿ ಬಹುಕಾಲ ನಿಂತು ಸೇವೆಮಾಡಲು ತಕ್ಕ ಏರ್ಪಾಡು ಮಾಡುವ ಕುರಿತು.

ಮಹನೀಯರೇ,

ಹಾವೇರಿ ಜಿಲ್ಲೆ ಹಿರೇಕೆರೂರು ತಾಲೂಕಿನ ಅಬಲೂರು ಗ್ರಾಮದ ನಿವಾಸಿಗಳಾದ ನಾವು, ಗೋವಿನಜೋಳವನ್ನೂ ಹತ್ತಿಯನ್ನೂ ಬೆಳೆದು ಬಾಳ್ವೆ ನಡೆಸುವ ಒಕ್ಕಲುತನದವರು, ಸರಕಾರದವರಲ್ಲಿ ಅತ್ಯಂತ ವಿನಯಪೂರ್ವಕವಾಗಿ ವಿಜ್ಞಾಪಿಸಿಕೊಳ್ಳುವುದೇನೆಂದರೆ: ರೋಗರುಜಿನಗಳ ಕಾಲದಲ್ಲಿ ನಾವು ಆಶ್ರಯಿಸುವ ದವಾಖಾನೆಗಳಲ್ಲಿ ವೈದ್ಯರ ಮುಖವನ್ನು ನಾವು ಕ್ಷಣಮಾತ್ರ ಕಾಣುವೆವಾದರೂ ಇರುಳೆಲ್ಲ ನಮ್ಮ ಹಾಸಿಗೆಯ ಬಳಿ ಓಡಾಡುವವಳು ಶುಶ್ರೂಷಕಿಯೇ, ಅಂಥವಳು ನಮ್ಮ ಹೆಸರು, ನಮ್ಮ ಮಾತು, ನಮ್ಮ ಮನೆಯ ಕಷ್ಟಗಳನ್ನು ಅರಿತುಕೊಳ್ಳುವಷ್ಟರಲ್ಲಿಯೇ ಗಂಟುಮೂಟೆ ಕಟ್ಟಿ ಹೊರಡುವ ಪ್ರಸಂಗವು ಮೇಲಿಂದ ಮೇಲೆ ಒದಗುತ್ತಿರುವುದು. ಈ ಅರ್ಜಿಯನ್ನು ಅವರೇ ಬರೆಯಬೇಕಾಗಿದ್ದಿತು. ಆದರೆ ವರ್ಷದ ಕರಾರಿನ ಮೇಲೆ ದುಡಿಯುವವಳು ಸಹಿ ಹಾಕಲು ಹೆದರುವುದು ಸಹಜವಾದುದರಿಂದ, ಅವರ ಕೈಯಿಂದ ಉಪಕಾರ ಪಡೆದ ನಾವು ಬರೆಯುತ್ತಿದ್ದೇವೆ.

ಈ ಮನವಿಯ ಬರಹಗಾರನಾದ ನಾನು ನಿವೃತ್ತ ಶಾಲಾಮಾಸ್ತರನು. ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ಮಳೆಯ ರಾತ್ರಿ ನನ್ನ ಸೊಸೆಗೆ ಬೇನೆ ಹತ್ತಿ, ಹತ್ತಿರದ ಒಂದು ಸರಕಾರಿ ದವಾಖಾನೆಗೆ ಕರೆದೊಯ್ದಾಗ ಅಲ್ಲಿದ್ದವಳು ಒಬ್ಬಳೇ ಶುಶ್ರೂಷಕಿ. ಅವಳ ಪಾಳಿ ಮುಗಿದು ಆಗಲೇ ಮೂರು ತಾಸುಗಳಾಗಿದ್ದವು, ಮುಂದಿನ ಪಾಳಿಗೆ ಬರಬೇಕಾದವರ ಜಾಗ ಖಾಲಿಯಿದ್ದಿತು. ವಿದ್ಯುತ್ತು ಹೋದಾಗ ಎಡಗೈಯಲ್ಲಿ ಮೊಬೈಲಿನ ಬೆಳಕು ಹಿಡಿದು, ಬಲಗೈಯ ಅಂಗೈಯಿಂದ ಸೊಸೆಯ ನಡುವನ್ನು ಒತ್ತುತ್ತ, "ಹೆದರಬ್ಯಾಡ ತಂಗಿ, ನಾ ಅದೀನಿ" ಎಂದು ಬೆಳಗಿನ ನಾಲ್ಕರ ತನಕ ಅವಳು ನಿಂತಿದ್ದುದನ್ನು ನಾನು ಬಾಗಿಲ ಸಂದಿಯಿಂದ ಕಂಡೆನು. ಊರ ಹೆಂಗಸರೆಲ್ಲ ಅವಳನ್ನು ಸಿಸ್ಟರಕ್ಕ ಎನ್ನುತ್ತಿದ್ದರು. ಮರುವರ್ಷ ಅವಳು ರಾಜೀನಾಮೆಯಿತ್ತು ಪರದೇಶಕ್ಕೆ ಹೋಗಲು ಭಾಷೆ ಕಲಿಯುವ ಕ್ಲಾಸಿಗೆ ಸೇರಿದಳೆಂದು ಕೇಳಿ, ಬಸ್‌ನಿಲ್ದಾಣದಲ್ಲಿ ಸಿಕ್ಕಾಗ ಕಾರಣವೇನೆಂದು ವಿಚಾರಿಸಿದೆನು. ಅವಳೆಂದ ಮಾತು ಇದು: "ಪಗಾರ ಸಾಲೂದಿಲ್ಲಂತ ನಾ ಹೊಂಟಿಲ್ರಿ ಕಾಕಾರ. ವರ್ಸಾ ಮಾರ್ಚ್ ಬಂತಂದ್ರ ಮುಂದ ನಾ ಇರತೇನೋ ಇಲ್ಲೋ ಅಂತ ಕಾಕೊಂತ ಕುಂದ್ರೂದು ಸಾಕಾಗೇತ್ರಿ."

೨೦೦೫ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನವು ಆರಂಭವಾದಂದಿನಿಂದ ಹಳ್ಳಿಗಾಡಿನ ದವಾಖಾನೆಗಳಿಗೆ ಶುಶ್ರೂಷಕಿಯರು ದೊರೆತದ್ದು ಬಹಳ ಮಟ್ಟಿಗೆ ಈ ಕರಾರಿನ ಪದ್ಧತಿಯಿಂದಲೇ ಎಂಬುದನ್ನು ನಾವು ಕೃತಜ್ಞತೆಯಿಂದ ಒಪ್ಪುತ್ತೇವೆ. ಆದರೆ ತಾತ್ಕಾಲಿಕವೆಂದು ತೊಡಗಿದ ಉಪಾಯವು ಎರಡು ದಶಕಗಳ ತರುವಾಯವೂ ತಾತ್ಕಾಲಿಕವಾಗಿಯೇ ಮುಂದುವರಿಯುವುದು ನ್ಯಾಯವೆನಿಸಲಾರದು. ಒಂದೇ ಕೆಲಸವನ್ನು ಮಾಡುವ ತಾತ್ಕಾಲಿಕ ನೌಕರರೂ ಕಾಯಂ ನೌಕರರ ವೇತನಶ್ರೇಣಿಯ ಕನಿಷ್ಠ ಮೊತ್ತಕ್ಕೆ ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು ಪಂಜಾಬಿನ ಪ್ರಕರಣವೊಂದರಲ್ಲಿ ೨೦೧೬ರ ಅಕ್ಟೋಬರ್ ೨೬ರಂದು ತೀರ್ಪಿತ್ತಿದೆ. ಅದರಂತೆ ವೇತನವನ್ನು ನಿಗದಿಗೊಳಿಸಿ, ಇಂತಿಷ್ಟು ವರ್ಷ ಸೇವೆ ಸಲ್ಲಿಸಿದವರನ್ನು ಕಾಯಂಗೊಳಿಸುವ ಕ್ರಮವನ್ನು ದಿನಾಂಕಸಹಿತ ಪ್ರಕಟಿಸಬೇಕೆಂದೂ, ಅಲ್ಲಿಯವರೆಗೆ ಕರಾರಿನ ನವೀಕರಣವನ್ನು ಮಾರ್ಚ್ ಕೊನೆಗೆ ತಳ್ಳದೆ ಜನವರಿಯಲ್ಲಿಯೇ ಲಿಖಿತವಾಗಿ ತಿಳಿಸಬೇಕೆಂದೂ ಪ್ರಾರ್ಥಿಸುತ್ತೇವೆ. ಈ ಎರಡನೆಯ ಬೇಡಿಕೆಗೆ ಸರಕಾರಕ್ಕೆ ಒಂದು ಕಾಸೂ ಖರ್ಚಿಲ್ಲ.

ವಸತಿಯ ವಿಚಾರದಲ್ಲಿ ನಾವು ಕೊಂಚ ವಿಸ್ತಾರವಾಗಿಯೇ ನಿವೇದಿಸಬೇಕಾಗಿದೆ. ಆ ಸಿಸ್ಟರಕ್ಕನಿಗೆ ಕೊಟ್ಟಿದ್ದ ವಸತಿಗೃಹದ ಮಾಳಿಗೆ ಸೋರುತ್ತಿದ್ದಿತು. ಗೋಡೆಯ ಗಾರೆ ಉದುರಿ ಹಾಸಿಗೆಯ ಮೇಲೆ ಬೀಳುತ್ತಿದ್ದಿತು. ಬಚ್ಚಲಮನೆಯ ಕದಕ್ಕೆ ಚಿಲಕವೇ ಇರಲಿಲ್ಲ. ಒಂಟಿ ಹೆಣ್ಣುಮಗಳು ಅಲ್ಲಿ ಹೇಗೆ ಇದ್ದಾಳು? ಆದಕಾರಣ ದೂರದ ಪಟ್ಟಣದಲ್ಲಿ ಬಾಡಿಗೆಯ ಖೋಲಿ ಹಿಡಿದು, ಇರುಳು ಪಾಳಿಗೆ ಬರುವಾಗ ಕೊನೆಯ ಬಸ್ಸು ತಪ್ಪಿದರೆ ಯಾರದಾದರೂ ಹಾಲಿನ ಗಾಡಿಯನ್ನು ಕೈಮಾಡಿ ನಿಲ್ಲಿಸುತ್ತಿದ್ದಳು. ೧೯೪೬ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯು ತನ್ನ ವರದಿಯನ್ನು ಒಪ್ಪಿಸಿದಾಗ ಇಡೀ ದೇಶದಲ್ಲಿ ಶುಶ್ರೂಷಕಿಯರ ಸಂಖ್ಯೆ ಸುಮಾರು ೭,೦೦೦, ಎಂದರೆ ೪೩,೦೦೦ ಜನಕ್ಕೆ ಒಬ್ಬಳು. ಆ ಅಭಾವದ ಕಾಲದಲ್ಲಿಯೂ ಸಮಿತಿಯವರು ಅವರ ಇಕ್ಕಟ್ಟಾದ ವಸತಿಯ ಬಗೆಗೂ ದುಡಿಮೆಯ ದೀರ್ಘಾವಧಿಯ ಬಗೆಗೂ ವ್ಯಥೆಪಟ್ಟು ಬರೆದಿದ್ದರು. ಮುಕ್ಕಾಲು ಶತಮಾನ ಸರಿದರೂ ನಾವು ಚಿಲಕಕ್ಕಾಗಿ ಅರ್ಜಿ ಬರೆಯುತ್ತಿದ್ದೇವೆ. ಹೊಸ ಕಟ್ಟಡವನ್ನು ಕಟ್ಟುವವರೆಗೆ ಕಾಯಿಸದೆ, ಇರುವ ವಸತಿಗೃಹಗಳನ್ನು ಬರುವ ಮಳೆಗಾಲಕ್ಕೆ ಮುನ್ನ ದುರಸ್ತಿಗೊಳಿಸಿ, ನೀರು, ಬೆಳಕು, ಭದ್ರವಾದ ಕದಗಳನ್ನು ಒದಗಿಸಬೇಕು. ಇರುಳು ಪಾಳಿಯವರಿಗೆ ದವಾಖಾನೆಯ ವಾಹನವನ್ನೇ ಕಳುಹಿಸಬೇಕು. ಒಂದು ಪಾಳಿಗೆ ಒಬ್ಬಳೇ ಇರುವ ಪರಿಪಾಠವನ್ನು ನಿಲ್ಲಿಸಬೇಕು.

ಹೊರಗಿನಿಂದ ಬಂದವರ ಸಂಗತಿಯು ಇನ್ನೊಂದು ಬಗೆಯದು. ನಮ್ಮ ಸೀಮೆಯ ಖಾಸಗಿ ದವಾಖಾನೆಯೊಂದರಲ್ಲಿ ಕೇರಳದ ಒಬ್ಬ ತರುಣಿ ಕೆಲಸಕ್ಕಿದ್ದಳು. ಅವಳ ಅಂಗಿಯ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕ. ಅದರಲ್ಲಿ ನಮ್ಮವರಾಡುವ ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು ಎದುರಿಗೆ ಅರ್ಥ ಹಚ್ಚಿದ್ದಳು. ಜಡ್ಡು, ನೀರಡಿಕೆ, ಓಕರಿಕೆ, "ಹೊಟ್ಟಿ ಕಡ್ಯಾಕತ್ತೇತಿ", "ಎದಿ ಉರೀತೇತಿ". ಮುದುಕಿಯೊಬ್ಬಳು "ಕಣ್ಣಿಗೆ ಕತ್ತಲಿ ಬರ್ತೇತಿ" ಎಂದುದನ್ನು ಕಣ್ಣಿನ ರೋಗವೆಂದು ತಿಳಿದು ಕಂಗಾಲಾದಳು. ಅದು ತಲೆಸುತ್ತು ಎಂದು ನನ್ನ ಸೊಸೆ ವಿವರಿಸಿದಾಗ, ನಕ್ಕು, ಅದನ್ನೂ ಬರೆದುಕೊಂಡಳು. ಎಂಟು ತಿಂಗಳಿಗೆ ಅವಳೂ ಹೊರಟುಹೋದಳು. ಅವಳ ಮೂಲ ಪ್ರಮಾಣಪತ್ರಗಳನ್ನು ಒತ್ತೆಯಾಗಿ ಇಟ್ಟುಕೊಳ್ಳಲಾಗಿತ್ತೆಂದೂ, ಅವನ್ನು ಬಿಡಿಸಿಕೊಳ್ಳಲು ಎರಡು ತಿಂಗಳ ಪಗಾರವನ್ನು ತೆರಬೇಕಾಯಿತೆಂದೂ ಆಮೇಲೆ ತಿಳಿಯಿತು. ಒತ್ತೆಯಿಂದ ಯಾರನ್ನೂ ನಿಲ್ಲಿಸಲಾಗದು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಜರ್ಮನಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ಜರ್ಮನ್ ಭಾಷೆಯ ಪಾಠವಾಗುತ್ತದೆ. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮದ ಅಂತರರಾಷ್ಟ್ರೀಯ ವಲಸೆ ಕೇಂದ್ರವು ಇಂಥವರಿಗೆ ನೆರವಾಗುತ್ತಿರುವುದು ಸ್ತುತ್ಯವೇ ಸರಿ. ಹೋಗುವವರನ್ನು ತಡೆಯಿರೆಂದು ನಾವು ಕೇಳುವುದಿಲ್ಲ. ತಮ್ಮ ವಿದ್ಯೆಗೆ ಹೆಚ್ಚಿನ ಬೆಲೆ ಬರುವಲ್ಲಿಗೆ ಹೋಗಲು ಅವರಿಗೆ ಪೂರ್ಣ ಅಧಿಕಾರವುಂಟು. ಆದರೆ ಕಳುಹಿಸುವುದಕ್ಕೆ ಒಂದು ಕೇಂದ್ರವಿರುವಾಗ ಬಂದವರನ್ನು ಬರಮಾಡಿಕೊಳ್ಳುವುದಕ್ಕೆ ಒಂದು ಮೇಜು ಕುರ್ಚಿಯಾದರೂ ಬೇಡವೇ? ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರ ವರದಿಯಲ್ಲಿ ಜಗತ್ತಿಗೆ ೫೯ ಲಕ್ಷ ಶುಶ್ರೂಷಕರ ಕೊರತೆಯುಂಟೆಂದು ಹೇಳಿದೆ. ವಲಸೆ ಬಂದ ಆರೋಗ್ಯ ಸಿಬ್ಬಂದಿಗೆ ಸ್ಥಳೀಯರೊಡನೆ ಸಮಾನವಾದ ಹಕ್ಕುಗಳಿರಬೇಕೆಂದು ಅದೇ ಸಂಸ್ಥೆಯ ೨೦೧೦ರ ಸಂಹಿತೆಯು ಸಾರುತ್ತದೆ. ದೇಶದೇಶಗಳ ನಡುವೆ ಸಲ್ಲುವ ಈ ನ್ಯಾಯವು ರಾಜ್ಯ ರಾಜ್ಯಗಳ ನಡುವೆಯೂ ಸಲ್ಲಬೇಕು. ಆದುದರಿಂದ ಜಿಲ್ಲಾಸ್ಪತ್ರೆಯಲ್ಲಿ ಹೊರಗಿನಿಂದ ಬಂದ ಶುಶ್ರೂಷಕಿಯರಿಗೆ, ಅವರು ಸರಕಾರಿಯವರಿರಲಿ ಖಾಸಗಿಯವರಿರಲಿ, ಕೆಲಸದ ವೇಳೆಯೊಳಗೇ ಮೂರು ತಿಂಗಳ ಕನ್ನಡ ಪಾಠವನ್ನು ಏರ್ಪಡಿಸಬೇಕು. ಪ್ರಮಾಣಪತ್ರಗಳನ್ನು ಹಿಡಿದಿಡುವುದನ್ನು ದಂಡನೀಯಗೊಳಿಸಬೇಕು. ೨೦೧೬ರ ಜನವರಿ ೨೯ರ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಕೇಂದ್ರ ಸರಕಾರವು ನೇಮಿಸಿದ ಸಮಿತಿಯು, ೨೦೦ಕ್ಕೂ ಮಿಕ್ಕು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿ ಸರಕಾರಿ ವೇತನಕ್ಕೆ ಸಮನಾದುದನ್ನೂ, ೫೦ಕ್ಕೂ ಕಡಿಮೆ ಹಾಸಿಗೆಗಳಿರುವಲ್ಲಿ ತಿಂಗಳಿಗೆ ಕನಿಷ್ಠ ೨೦,೦೦೦ ರೂಪಾಯಿಗಳನ್ನೂ ಕೊಡಬೇಕೆಂದು ಶಿಫಾರಸು ಮಾಡಿತು. ಅದನ್ನು ನಮ್ಮ ತಾಲೂಕುಗಳ ಸಣ್ಣ ದವಾಖಾನೆಗಳಲ್ಲಿಯೂ ಜಾರಿಗೆ ತರಬೇಕು.

ಹೊರಗಿನವರನ್ನು ಉಳಿಸಿಕೊಳ್ಳುವುದು ನಮ್ಮೂರಿಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಆಳಂದೆಯಿಂದ ಬಂದ ಶಿವಭಕ್ತ ಏಕಾಂತದ ರಾಮಯ್ಯನು ಅಬಲೂರಿನಲ್ಲಿ ನಿಂತು ದೇಗುಲವನ್ನೆತ್ತಿಸಿದಾಗ, ಬಿಜ್ಜಳನೂ, ಮುಂದೆ ಹಾನಗಲ್ಲ ಕದಂಬರ ಕಾಮದೇವನೂ ಅದಕ್ಕೆ ಊರುಗಳನ್ನು ದತ್ತಿಯಿತ್ತುದು ಇಲ್ಲಿಯ ಸೋಮೇಶ್ವರ ಗುಡಿಯ ಶಾಸನದಲ್ಲಿ ಕೊರೆದಿದೆ. ಬಂದವನಿಗೆ ಕಾಲೂರಲು ನೆಲ ಬೇಕೆಂಬುದನ್ನು ಅಂದಿನ ಅರಸರು ಬಲ್ಲವರಾಗಿದ್ದರು.

ಇನ್ನು, ಶುಶ್ರೂಷಕಿಯರ ಪದೋನ್ನತಿಯ ಪಟ್ಟಿಯನ್ನು ಕಾಲಕಾಲಕ್ಕೆ ಪ್ರಕಟಿಸಬೇಕು. ಕೊಲ್ಲಿ ದೇಶಗಳಲ್ಲಿ ಹತ್ತಾರು ವರ್ಷ ದುಡಿದು ತಾಯ್ತಂದೆಗಳ ಆರೈಕೆಗೆ ಊರಿಗೆ ಮರಳಿದವರಿಗೆ ವಯೋಮಿತಿಯು ಅಡ್ಡಿಯಾಗದಂತೆ ನೇಮಕಾತಿಯ ನಿಯಮಗಳನ್ನು ಸಡಿಲಿಸಬೇಕು. ಅವರ ಅನುಭವವು ವ್ಯರ್ಥವಾಗಬಾರದು.

ನಮ್ಮ ಪಾಲಿನದನ್ನು ನಾವು ಮಾಡಲು ಸಿದ್ಧರಿದ್ದೇವೆ. ಈ ಭಾಗಕ್ಕೆ ನೇಮಕಗೊಂಡು ಬರುವ ಶುಶ್ರೂಷಕಿಗೆ ಸರಕಾರಿ ವಸತಿ ಸಿದ್ಧವಾಗುವ ತನಕ ಊರೊಳಗೆ ಭದ್ರವಾದ ಮನೆಯನ್ನು ಬಾಡಿಗೆಯಿಲ್ಲದೆ ಒದಗಿಸಲು ಗ್ರಾಮಸ್ಥರು ಒಪ್ಪಿದ್ದಾರೆ. ಆ ಕೇರಳದ ತರುಣಿಯ ಪುಸ್ತಕವನ್ನು ಕಂಡ ಮೇಲೆ, ನಮ್ಮ ಹೆಂಗಸರು ಬೇನೆ ಬೇಸರಿಕೆಗಳಿಗೆ ಆಡುವ ಮಾತುಗಳನ್ನು ಒಂದೊಂದಾಗಿ ಹೇಳಿದಂತೆ ನಾನು ಬರೆದು, ಅರ್ಥಸಹಿತ ೧೧೨ ಮಾತುಗಳ ಪಟ್ಟಿಯನ್ನು ಸಿದ್ಧಗೊಳಿಸಿದ್ದೇನೆ. ಮೇಲೆ ಕೋರಿದ ಕನ್ನಡ ಪಾಠಕ್ಕೆ ಉಪಯೋಗವಾದೀತೆಂದು ಅದನ್ನು ಇದರೊಡನೆ ಲಗತ್ತಿಸಿದೆ.

ಇಂತಿ ತಮ್ಮ ವಿಧೇಯರು,
ಅಬಲೂರು ಗ್ರಾಮಸ್ಥರು

ಲಗತ್ತು: ರೋಗಿಗಳಾಡುವ ಮಾತುಗಳ ಪಟ್ಟಿ, ಪುಟಗಳು ೬.